ಬಿಳಿ ಷೂವಿನೊಳಗಿನ ಕೀಲಿ

ನನ್ನ ಗಂಡ ಕ್ಯಾಲಮ್‌ನನ್ನು ಮಣ್ಣು ಮಾಡುವ ದಿನ ಕಪ್ಪು ಷೂ ಹುಡುಕುತ್ತಿದ್ದಾಗ ಬಂದೂಕಿನ ಬೀರುವಿನ ಕೀಲಿ ಸಿಕ್ಕಿತು. ನನ್ನ ಮದುವೆಯ ಬಿಳಿ ಷೂವಿನ ತುದಿಯಲ್ಲಿ, ಹತ್ತಿ ಸುತ್ತಿ ಇಟ್ಟಿದ್ದ. ಲೈಸೆನ್ಸ್ ಅವನೊಬ್ಬನದು, ಇಲ್ಲಿನ ಕಾನೂನಿನಂತೆ ಕೀಲಿ ಎಲ್ಲಿದೆಯೆಂದು ಹೆಂಡತಿಗೂ ಗೊತ್ತಾಗಬಾರದು. ಆರು ವರ್ಷ ಅವನು ಆ ನಿಯಮ ಮುರಿಯಲಿಲ್ಲ. ನಾನು ಆ ಷೂ ಮತ್ತೆ ಹಾಕುವುದಿಲ್ಲವೆಂದು ಅವನಿಗೆ ಖಾತ್ರಿಯಿತ್ತು.

ಹತ್ತನೆಯ ದಿನ ಪೊಲೀಸ್ ಸಾರ್ಜೆಂಟ್ ಹ್ಯಾಲೋರನ್ ಬಂದರು.

"ರೈಫಲ್ ಸ್ಟೇಷನ್ನಿಗೆ ಬರಬೇಕಮ್ಮ. ವಾಪಸ್ ಬೇಕಿದ್ರೆ ನಿನ್ನ ಹೆಸರಲ್ಲಿ ಅರ್ಜಿ ಹಾಕು. ಬೇಡ ಅಂದ್ರೆ ಕರಗಿಸ್ತಾರೆ."

ನನಗೆ ಬೇಕಿತ್ತು. ಕ್ಯಾಲಮ್ ಹೋದ ಮೇಲೆ ದಿನಾ ಮಧ್ಯಾಹ್ನ ಮೂರಕ್ಕೆ ಜಗಲಿಯ ಮೆಟ್ಟಿಲ ಮೇಲೆ ಯಾರೋ ಬೂಟಿನ ಮಣ್ಣು ಕೊಡವುತ್ತಿದ್ದರು. ಮೂರು ಸಲ. ಹೋಗಿ ನೋಡಿದರೆ ಒಣಹುಲ್ಲು, ಕುರಿಗಳು, ಬೇಲಿ. ಹತ್ತಿರದ ಮನೆ ಹದಿನೆಂಟು ಕಿಲೋಮೀಟರ್ ಆಚೆ.

ಹ್ಯಾಲೋರನ್ ತಂದಿದ್ದ ಅರ್ಜಿಯಲ್ಲಿ 'ಕಾರಣ' ಎಂಬಲ್ಲಿ ಪೆನ್ನು ನಿಂತಿತು.

"ಆತ್ಮರಕ್ಷಣೆ ಅಂತ ಬರಿ," ಎಂದ ಅಕ್ಕನ ಗಂಡ ವೇಡ್. ಟೆಕ್ಸಸ್‌ನವನು, ಮಣ್ಣಿಗೆಂದು ಬಂದು ಇನ್ನೂ ಉಳಿದಿದ್ದ.

"ಹಾಗೆ ಬರೆದ್ರೆ ಅರ್ಜಿ ಅಲ್ಲಿಗೇ ಸತ್ತ ಹಾಗೆ," ಎಂದರು ಹ್ಯಾಲೋರನ್. "ಕುರಿಗಳಿಗೆ ನರಿ ಕಾಟ ಅಂತ ಬರಿ. ಮೊಲ ಅಂದ್ರೂ ನಡಿಯತ್ತೆ. ಮನುಷ್ಯರ ಭಯ ನಮ್ಮಲ್ಲಿ ಕಾರಣ ಅಲ್ಲ."

"ಅಲ್ರೀ, ಕಳ್ಳ ಬಂದ್ರೆ ನರಿ ಅಂದ್ಕೊಂಡು ಹೊಡೀಬೇಕಾ? ನಮ್ಮಲ್ಲಿ ಯಾಕೆ ಅಂತ ಕೇಳೋರೇ ಇಲ್ಲ."

"ಅದಕ್ಕೇ ಹಾಲು ತರೋಕೂ ಸೊಂಟಕ್ಕೆ ಸಿಗಿಸ್ಕೊಂಡು ಹೋಗ್ತೀರಿ, ಸಾಹೇಬ್ರೆ. ಭಯಕ್ಕೆ ನಾವು ನಾಯಿ ಸಾಕ್ತೀವಿ."

ವೇಡ್ ನಕ್ಕ. ನಾನು ಇದ್ದದ್ದನ್ನೇ ಬರೆದೆ: ಮೂರು ಗಂಟೆಗೆ ಯಾರೋ ಮೆಟ್ಟಿಲಿಗೆ ಬರುತ್ತಾರೆ.

ಹ್ಯಾಲೋರನ್ ಓದಿದರು. ಕನ್ನಡಕ ತೆಗೆದರು.

"ಯಾರು?"

"ಕಂಡಿಲ್ಲ. ಬೂಟು ಕೊಡವೋದು ಕೇಳತ್ತೆ."

"ನಾಯಿ ಬೊಗಳಲ್ವಾ?"

ಅದನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ನಮ್ಮ ನಾಯಿ ಅಂಚೆಯವನಿಗೂ ಬೊಗಳುತ್ತದೆ. ವೇಡ್‌ನಿಗೆ ಈಗಲೂ ಬೊಗಳುತ್ತದೆ.

"ಇಲ್ಲ," ಎಂದೆ. "ಎದ್ದು ಹೋಗಿ ಬಾಲ ಅಲ್ಲಾಡಿಸತ್ತೆ."

ವೇಡ್ ಕಿಟಕಿಯ ಕಡೆ ತಿರುಗಿದ.

ನಾನು ಅರ್ಜಿಯನ್ನು ಎರಡಾಗಿ ಹರಿದೆ. ಬೀರು ತೆರೆದು ರೈಫಲ್ ಕೊಟ್ಟೆ. ಹಿಡಿಯ ಹಿಂಬದಿಯಲ್ಲಿ ಕ್ಯಾಲಮ್‌ನ ಹೆಗಲು ತಾಗಿ ತಾಗಿ ಬಣ್ಣ ಹೋಗಿತ್ತು. ಹ್ಯಾಲೋರನ್ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡರು.

"ಕೀಲಿ ಎಲ್ಲಿದೆ ಅಂತ ನಿನಗೆ ಗೊತ್ತಿರಬಾರದಿತ್ತಲ್ಲಮ್ಮ," ಎಂದರು, ಮೆಲ್ಲಗೆ.

"ಗೊತ್ತಿರಲಿಲ್ಲ."

ಅವರ ಜೀಪು ಹೋಯಿತು. ವೇಡ್ ಬಟ್ಟೆ ಜೋಡಿಸಿಕೊಳ್ಳಲು ಒಳಗೆ ಹೋದ. ಮೂರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಚಹಾಕ್ಕೆ ನೀರಿಟ್ಟೆ. ಆಮೇಲೆ ಕೀಲಿಗೆ ಮೊದಲಿನಂತೆ ಹತ್ತಿ ಸುತ್ತಿ, ಬಿಳಿ ಷೂವಿನ ತುದಿಗೆ ತಳ್ಳಿದೆ. ನಾನು ಅದನ್ನು ಕಂಡಿಲ್ಲವೆಂದೇ ಕ್ಯಾಲಮ್ ತಿಳಿದುಕೊಂಡಿರಲಿ.

ಹೊರಗೆ ನಾಯಿ ಎದ್ದು ನಿಂತಿತು.