ಬರಿಗಾಲಿನ ಕ್ಲಚ್ಚು

ನನ್ನ ಗಂಡನ ಕುತ್ತಿಗೆಯ ಹಿಂದೆ, ಕೂದಲು ಮುಗಿಯುವ ಕಡೆ, ಎಳ್ಳುಕಾಳಿನಷ್ಟು ಒಂದು ಮಚ್ಚೆಯಿದೆ. ಅವರಿಗೇ ಅದು ಗೊತ್ತಿಲ್ಲ. ನನಗೆ ಗೊತ್ತಿದೆ, ಯಾಕೆಂದರೆ ಮದುವೆಯಾಗಿ ನರಗುಂದಕ್ಕೆ ಬಂದಾಗಿನಿಂದ ಕಾರಿನಲ್ಲಿ ಕುಳಿತು ನಾನು ನೋಡಿದ್ದು ಅದನ್ನೇ. ನಮ್ಮ ಮನೆಯಲ್ಲಿ ಮುಂದಿನ ಸೀಟು ಅತ್ತೆಯವರದು. ಹಿರಿಯರು ಮುಂದೆ, ಸೊಸೆ ಹಿಂದೆ, ಸೊಸೆಯ ತೊಡೆಯ ಮೇಲೆ ಬುತ್ತಿಗಂಟು. ಮದುವೆಗೆ ಹೋಗಲಿ, ದವಾಖಾನೆಗೆ ಹೋಗಲಿ, ಇದೇ ಪದ್ಧತಿ.

ನಮ್ಮವರು, ಅಂದರೆ ಸಿದ್ದರಾಮೇಶ, ಕಾಳಿನ ವ್ಯಾಪಾರಿ. ಬೆಳಗಾದರೆ ಅಂಗಡಿ, ಮನೆಗೆ ಬಂದರೆ ಫೋನು. ನಗುವುದಕ್ಕೂ ಪುರುಸೊತ್ತಿಲ್ಲದ ಮನುಷ್ಯ. ಆದರೆ ಗಾಡಿ ಹೊಡೆಯುವಾಗ ಮಾತ್ರ ತಮ್ಮಷ್ಟಕ್ಕೆ ತಾವೇ ನಗುತ್ತಾರೆ. ಹಿಂದೆ ಕುಳಿತ ನನಗೆ ಅವರ ಕಿವಿ ಸ್ವಲ್ಪ ಮೇಲೇರಿದ್ದಷ್ಟೇ ಕಾಣುತ್ತದೆ. ಆ ನಗೆ ಮುಖದ ಮೇಲೆ ಹೇಗಿರುತ್ತದೆ ಎಂದು ನೋಡುವ ಆಸೆ ನನಗೆ. ನಾನೇನು ಬಂಗಾರ ಕೇಳಿದೆನೇ, ಕಾಶಿಗೆ ಕರೆದೊಯ್ಯಿರಿ ಎಂದೆನೇ? ಒಂದೇ ಒಂದು ಸಲ ಅವರ ಪಕ್ಕದಲ್ಲಿ ಕೂತು ಹೋಗಬೇಕು, ಅಷ್ಟೇ.

ಹೀಗಿರುವಾಗ ಹುಬ್ಬಳ್ಳಿಯಿಂದ ಹಳೆಯದೊಂದು ಸ್ಪೋರ್ಟ್ಸ್ ಕಾರು ತಂದರು. ಕೆಂಪು ಬಣ್ಣದ್ದು, ನೆಲಕ್ಕೆ ಅಂಟಿದ ಹಾಗೆ ಕುಳ್ಳಗಿತ್ತು. ಓಣಿಯ ಗಂಡಸರೆಲ್ಲ ಬಂದು ಇಂಜಿನ್ ನೋಡಿದರು, ಗಾಲಿ ನೋಡಿದರು. ನಾನು ಬಗ್ಗಿ ಸೀಟು ನೋಡಿದೆ. ಎರಡೇ! ಹಿಂದೆ ಸೀಟೇ ಇಲ್ಲ! ಅಯ್ಯೋ ಶಿವನೇ, ಕಡೆಗೂ ನನ್ನ ಕೂಗು ನಿನಗೆ ಮುಟ್ಟಿತಲ್ಲ ಎಂದು ಅಲ್ಲೇ ಕೈ ಮುಗಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅತ್ತೆ ಕಲ್ಲವ್ವನವರು ಗಾಲಿಗೆ ನಿಂಬೆಹಣ್ಣು ಇಡಿಸಿದರು, ಬಾನೆಟ್ಟಿಗೆ ವಿಭೂತಿ ಹಚ್ಚಿದರು, ಕಾಯಿ ಒಡೆಸಿದರು. ಆಮೇಲೆ, "ಇದು ಲಕ್ಷ್ಮಿ. ಇನ್ನ ಮ್ಯಾಲೆ ಚಪ್ಪಲ್ ಹಾಕ್ಕೊಂಡ ಯಾರೂ ಇದರಾಗ ಕಾಲಿಡಬ್ಯಾಡ್ರಿ," ಎಂದು ತಮ್ಮ ಚಪ್ಪಲಿ ಬಿಟ್ಟು, ಚೀಲ ಹಿಡಿದುಕೊಂಡು ಪಕ್ಕದ ಸೀಟಿನಲ್ಲಿ ಕೂತೇಬಿಟ್ಟರು. ಗಾಡಿ ಬುರ್ರೆಂದು ಹೋಯಿತು. ನಾನು ಬಾಗಿಲಲ್ಲೇ ಉಳಿದೆ. ಮೊದಲು ಮಚ್ಚೆಯಾದರೂ ಕಾಣುತ್ತಿತ್ತು, ಈಗ ಅದೂ ಹೋಯಿತು. ಸೊಸೆಗೊಂದು ಕಾಲ ಬರುತ್ತದೆ ಎನ್ನುತ್ತಾರೆ, ಯಾವಾಗ ಎಂದು ಕೇಳಿದರೆ ಒಬ್ಬರೂ ಹೇಳುವುದಿಲ್ಲ.

ಆಮೇಲೆ ನಮ್ಮವರಿಗೆ ಕಾಲುನೋವು ಶುರುವಾಯಿತು. ಎಡಗಾಲಿನ ಮೀನಖಂಡ ಸೆಟೆದುಕೊಳ್ಳುತ್ತಿತ್ತು, ಪಾದ ಬಾತುಕೊಳ್ಳುತ್ತಿತ್ತು. ಕ್ಲಚ್ಚು ತುಳಿಯಲು ಕಾಲನ್ನು ಪೂರ್ತಿ ಎತ್ತಬೇಕು ಎನ್ನುತ್ತಿದ್ದರು. ಎಣ್ಣೆ ತಿಕ್ಕಿದೆ, ಬಿಸಿನೀರು ಕಾಯಿಸಿದೆ, ಕಡಿಮೆಯಾಗಲಿಲ್ಲ. ಒಂದು ದಿನ, "ಗಜೇಂದ್ರಗಡದಾಗ ಒಬ್ರು ಕೇಳ್ಯಾರ. ಕೊಟ್ಟಬಿಡ್ತೀನಿ ಇದನ್ನ," ಎಂದರು. ಆ ಗಾಡಿ ಹೋದರೆ ಮತ್ತೆ ನಾಲ್ಕು ಬಾಗಿಲಿನದು ಬರುತ್ತದೆ, ನಾನು ಮತ್ತೆ ಬುತ್ತಿಗಂಟು ಹಿಡಿದು ಹಿಂದೆ.

"ಕೊಡೂಕಿಂತ ಮೊದಲ ಖಾದರಗರ ಒಮ್ಮಿ ತೋರಸ್ರಿ," ಎಂದು ಹಟ ಹಿಡಿದು ಮೆಕ್ಯಾನಿಕ್ ಖಾದರನನ್ನು ಕರೆಸಿದೆ.

ಖಾದರ ಬಂದಾಗ ಅತ್ತೆಯವರು ಆಗಲೇ ಸೀಟಿನಲ್ಲಿದ್ದರು. ರೋಣದಲ್ಲಿ ಅವರ ತಂಗಿಯಿದ್ದಾಳೆ, ಅಲ್ಲಿಗೆ ಹೋಗಬೇಕಿತ್ತು. "ಸ್ವಲ್ಪ ಇಳೀರಿ ಅಮ್ಮಾರ," ಎಂದು ಖಾದರ ಬೇಡಿಕೊಂಡ.

"ನಿನ್ನ ಕೆಲಸ ಆ ಕಡೀಗೆ ಐತಿ. ನಾ ನಿನಗೇನ್ ಅಡ್ಡ ಬಂದೀನಿ?"

ಅವನು ಪೆಡಲಿನ ಹತ್ತಿರ ತಲೆ ತೂರಿಸಿ ನೋಡಿದ. "ಸಾವ್ಕಾರ್ರ, ಏನ್ ಹಾಕ್ಕೊಂಡ ಹೊಡೀತೀರಿ?"

"ಬರಿಗಾಲು."

"ಹಂಗಾರ ಅದ ನೋಡ್ರಿ. ಈ ಪೆಡಲ್ ಬೂಟಿನ ಕಾಲಿಗೆ ಕೂಡಿಸಿದ್ದು. ಬೂಟ್ ಇದ್ರ ಹಿಮ್ಮಡ ಎತ್ತರ ಇರ್ತೈತಿ. ಬರಿಗಾಲಿಗೆ ಪೆಡಲ್ ಮ್ಯಾಲಾತು. ಬೂಟ್ ಹಾಕ್ಕೋರಿ, ಮುಗೀತು."

"ಲಕ್ಷ್ಮಿ ಮ್ಯಾಲೆ ಬೂಟಾ? ಶಿವ ಶಿವಾ!" ಎಂದು ಅತ್ತೆ ಕೂತಲ್ಲಿಂದಲೇ ಕೂಗಿದರು.

ಖಾದರ ನಕ್ಕ. "ಇರಲಿ ಬಿಡ್ರಿ, ಪೆಡಲನ್ನ ಇಳಸೋಣು. ನಾ ಕೆಳಗ ಬೋಲ್ಟ್ ತಿರುವಬೇಕು, ಮ್ಯಾಲೆ ಯಾರರ ಬರಿಗಾಲಿಲೆ ತುಳೀಬೇಕು." ನಮ್ಮವರ ಕಾಲು ಬಾತಿತ್ತು, ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದರು. ಅವನು ನನ್ನ ಕಡೆ ನೋಡಿದ. "ಅಕ್ಕಾರ, ನೀವ ಬರ್ರಿ."

ಚಪ್ಪಲಿ ಬಿಟ್ಟು ಹತ್ತಿದೆ. ಆ ಗಾಡಿಯೊಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು, ಅದೂ ನಮ್ಮವರ ಸೀಟಿನಲ್ಲಿ. ಖಾದರ ಪೆಡಲಿನ ಬೋಲ್ಟನ್ನು ಬಿಗಿಹಿಡಿದಿದ್ದ ನಟ್ಟನ್ನು ಸಡಿಲಿಸಿ ಬೋಲ್ಟನ್ನು ತಿರುಗಿಸುವನು, "ತುಳೀರಿ," ಎನ್ನುವನು. ನಾನು ತುಳಿಯುವೆ. "ಹಿಮ್ಮಡ ನೆಲಕ್ಕ ಹತ್ತೇತಿ?" "ಇಲ್ಲ." ಮತ್ತೆ ತಿರುಗಿಸುವನು. ಪೆಡಲು ಇಳಿಯುತ್ತ ಬಂತು. ಕಡೆಗೊಮ್ಮೆ ಹಿಮ್ಮಡಿ ನೆಲದ ಮೇಲೆ ನಿಂತೇ ಬೆರಳು ಪೆಡಲಿಗೆ ಮುಟ್ಟಿತು. ಇಂಜಿನ್ ಚಾಲೂ ಮಾಡಿ ಗೇರು ಹಾಕಿದಾಗ ಕರಕರ ಎಂದಿತು. ಅವನು ಕ್ಲಚ್ಚಿನ ಸರಳನ್ನೂ ತಿರುಗಿಸಿ ಸರಿಮಾಡಿದ. ಈಗ ಗೇರು ಬೆಣ್ಣೆಯ ಹಾಗೆ ಕೂತಿತು.

"ಇನ್ನ ಒಂದ ಸುತ್ತ ಹೊಡದ ನೋಡಬೇಕ್ರಿ," ಎಂದ ಖಾದರ.

"ಆಕಿನ ಹೊಡೀಲಿ ಬಿಡು," ಎಂದರು ನಮ್ಮವರು. "ತವರೂರು ಬೆಳವಣಕ್ಯಾಗ ಅಪ್ಪನ ಟ್ರ್ಯಾಕ್ಟರ್ ಹೊಡದಾಕಿ."

ಅದು ಅವರ ನೆನಪಿನಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ!

"ಯಾರರ ಹೊಡೀರಿ, ನನ್ನ ರೋಣ ಮುಟ್ಟಸ್ರಿ," ಎಂದರು ಅತ್ತೆ.

ಗಾಡಿ ಬಿಟ್ಟೆ. ಗುಡ್ಡದ ಕೆಳಗಿನ ನಮ್ಮ ಓಣಿಯಿಂದ ಹೊರಬೀಳುವಾಗ ಕನ್ನಡಿ ನೋಡಿದೆ. ಬಾಗಿಲ ಮುಂದೆ, ನಾನು ದಿನಾ ನಿಲ್ಲುವ ಜಾಗದಲ್ಲಿ ನಮ್ಮವರು ನಿಂತು ನಗುತ್ತಿದ್ದರು. ಅದೇ ನಗೆ, ಈಗ ಎದುರಿನಿಂದ. ಕಣ್ಣ ಸುತ್ತ ನೆರಿಗೆ ಬಿದ್ದು, ಹುಡುಗನ ಮುಖದ ಹಾಗೆ ಕಾಣುತ್ತಿತ್ತು. ಕಣ್ಣತುಂಬ ನೋಡುವಷ್ಟರಲ್ಲಿ ಗಾಡಿ ತಿರುವಿಗೆ ಬಂತು.

ಊರ ಹೊರಗಿನ ಕಾಲುವೆಯವರೆಗೆ ಗಾಡಿ ಹೊಡೆದೆ. ಆಮೇಲೆ ತಡೆಯಲಾಗಲಿಲ್ಲ, ಅಳು ಬಂತು.

"ಯಾಕ ಮಹೇಶ್ವರಿ, ಏನಾತು?" ಎಂದು ಅತ್ತೆ ಗಾಬರಿಯಾದರು.

"ಏನಾತಾ? ನಿಮ್ಮ ಮಗನ ಬಾಜೂ ಒಮ್ಮಿ ಕುಂಡ್ರಬೇಕಂತ ಆಸೆ ಐತ್ರಿ ನನಗ! ಹಿಂದಿನ ಸೀಟ್ ಇಲ್ಲದ ಗಾಡಿ ಬಂದ್ರೂ ನನ್ನ ಪಾಳಿ ಬರಲಿಲ್ಲ!" ಎಂದು ಗಾಡಿ ನಿಲ್ಲಿಸಿಬಿಟ್ಟೆ. ಅತ್ತೆಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

ಅವರು ಸಿಟ್ಟಾಗಲಿಲ್ಲ. ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತ ಕೂತರು.

"ನಮ್ಮ ಕಾಲಕ್ಕ ಎತ್ತಿನ ಚಕ್ಕಡಿ ಇತ್ತು. ನಿಮ್ಮ ಮಾವ ಹೊಡೀತಿದ್ರು. ಅವರ ಬಾಜೂ ನಮ್ಮ ಅತ್ತಿ. ನಾನು ಹಿಂದ, ಹೊಟ್ಟಿನ ಚೀಲದ ಮ್ಯಾಲೆ. ಅತ್ತಿ ಹೋದ ಮ್ಯಾಲೆ ನನ್ನ ಪಾಳಿ ಅಂತ ಕಾದೆ. ಅತ್ತಿಗಿಂತ ಮೊದಲ ನಿಮ್ಮ ಮಾವಾರ ಹೋಗಿಬಿಟ್ರು."

ನನ್ನ ಅಳು ನಿಂತಿತು.

"ಸಿದ್ದರಾಮನ್ನ ಬಗಲಿಂದ ನೋಡೀಯೇನು? ಥೇಟ್ ಅವರ ಮಾರಿ. ಅದ ಮೂಗು, ಅದ ನಗಿ. ಅದಕ್ಕ ಮುಂದ ಕುಂಡ್ರತೀನವ್ವಾ. ಸೀಟಿನ ಆಸೆಗಲ್ಲ."

ಎಷ್ಟು ಬೈದುಕೊಂಡಿದ್ದೆ ಈ ಮುದುಕಿಯನ್ನು! ಅತ್ತೆಯವರು ಮೂಗು ಒರೆಸಿಕೊಂಡು, "ತಿರುಗಸ ಗಾಡಿ. ರೋಣ ಎಲ್ಲೂ ಓಡಿ ಹೋಗೂದಿಲ್ಲ," ಎಂದರು.

ಮನೆಯ ಮುಂದೆ ಅತ್ತೆ ನನ್ನ ಕೈ ಹಿಡಿದುಕೊಂಡು ಇಳಿದರು. ಮಗನನ್ನು ಕರೆದು, "ಕುಂಡ್ರು," ಎಂದರು. ನಮ್ಮವರು ಏನೂ ಅರ್ಥವಾಗದೆ ಚಪ್ಪಲಿ ಬಿಟ್ಟು ನನ್ನ ಪಕ್ಕಕ್ಕೆ ಬಂದು ಕೂತರು. "ಹ್ಯಾಂಗೈತಿ ಕ್ಲಚ್ಚು?" ಎಂದು ಕೇಳಿದರು.

"ಚಲೋ ಆಗೇತಿ. ಗಜೇಂದ್ರಗಡದವ್ರಿಗೆ ಗಾಡಿ ಕೊಡೂದಿಲ್ಲಂತ ಹೇಳ್ರಿ."

ಅವರು ಮುಂದೆ ನೋಡುತ್ತ ನಕ್ಕರು. ನನ್ನ ಪಕ್ಕದಲ್ಲೇ, ಕೈಗೆಟುಕುವ ಹಾಗೆ. ಗೇರು ಹಾಕಿದೆ. ಇನ್ನೇನು ಬಿಡಬೇಕು ಎನ್ನುವಾಗ ಆ ಕಡೆಯ ಕಿಟಕಿಯ ಹೊರಗೆ ಅತ್ತೆ ಕಂಡರು. ಚೀಲವನ್ನು ಎದೆಗೆ ಒತ್ತಿಕೊಂಡು, ಬಗ್ಗಿ, ಮಗನ ಮುಖವನ್ನು ಬಗಲಿಂದ ನೋಡುತ್ತಿದ್ದರು.

"ಯಾಕ, ಗಾಡಿ ಬಿಡವಲ್ಲಿ?" ಎಂದರು ನಮ್ಮವರು.

"ತಡೀರಿ," ಎಂದೆ. ಕ್ಲಚ್ಚು ತುಳಿದುಕೊಂಡೇ ಕೂತೆ. ಮೀನಖಂಡ ನೋಯತೊಡಗಿತು. ಅತ್ತೆ ನೋಡಿ ಮುಗಿಸುವವರೆಗೆ ಕಾಲು ತೆಗೆಯಲಿಲ್ಲ.