ಇನ್ನೂರು ಮಂದಿಯ ಕೋಣೆ

ನಮ್ಮವರ ತೆಲುಗು ಆಟೋದಲ್ಲಿ ಹುಟ್ಟಿ ಆಟೋದಲ್ಲೇ ಬೆಳೆದದ್ದು. ತೆಲಂಗಾಣದ ಗಡಿಯ ನಮ್ಮ ಝರಾಸಂಗಂನಿಂದ ಜಹೀರಾಬಾದಿಗೆ ದಿನವೂ ಆಟೋ ಹೊಡೆಯುತ್ತಾರೆ. ಎಷ್ಟು ಮಂದಿ ಇದ್ದೀರಿ, ಎಲ್ಲಿ ಇಳಿಯುತ್ತೀರಿ, ಸ್ವಲ್ಪ ಸರಿದು ಕೂಡಿ ಎಂಬಷ್ಟು ಕಲಿತದ್ದೇ ತಡ, ಆ ಭಾಷೆ ತಮ್ಮ ಕಿಸೆಯಲ್ಲಿದೆ ಎಂದು ನಂಬಿಬಿಟ್ಟರು. ನಾನು ಭಾಲ್ಕಿ ಕಡೆಯವಳು. ಕನ್ನಡ ಬರುತ್ತದೆ, ಮರಾಠಿ ಬರುತ್ತದೆ, ತೆಲುಗು ಮಾತ್ರ ನಾಲಿಗೆಗೆ ಹತ್ತಲೇ ಇಲ್ಲ. ಹಾಗಾಗಿ ಮನೆಯಲ್ಲಿ ತೆಲುಗಿನ ಕೆಲಸವೆಲ್ಲ ಅವರದು. ಹೆಸರು ತುಳಸಿರಾಮ, ಮಾತು ಮೆತ್ತಗೆ, ಫೋನಿನಲ್ಲಿ ತೆಲುಗು ಶುರುವಾದರೆ ಮಾತ್ರ ದನಿ ದಪ್ಪಗಾಗುತ್ತದೆ.

ಈ ಚಳಿಗಾಲದಲ್ಲಿ ನಾನು ಅವರ ಕೋಣೆ ಕಿತ್ತುಕೊಂಡೆ. ನಮ್ಮದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಟಿವಿ ಇತ್ತು, ಮಂಚ ಇತ್ತು, ಕಾಲು ಚಾಚಿ ಚಹಾ ಕುಡಿಯುವ ಅವರ ಕುರ್ಚಿಯೂ ಇತ್ತು. ಎಲ್ಲವನ್ನೂ ಒಳಗಿನ ಕೋಣೆಗೆ ತುರುಕಿದೆ. ಬಾಬಾಸಾಹೇಬರ ಫೋಟೋ ಮಾತ್ರ ಗೋಡೆಯ ಮೇಲೆ ಉಳಿಯಿತು. ನೆಲಕ್ಕೆ ಭತ್ತದ ಹೊಟ್ಟು ಹರಡಿ, ತಗಡನ್ನು ದುಂಡಗೆ ಬಗ್ಗಿಸಿ ನಿಲ್ಲಿಸಿ, ಮೇಲಿನಿಂದ ಬಲ್ಬು ಇಳಿಬಿಟ್ಟು, ಅದರೊಳಗೆ ಇನ್ನೂರು ಜವಾರಿ ಕೋಳಿಮರಿ ಬಿಟ್ಟೆ. ನಮ್ಮವರು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು. ಮೂರನೆಯ ದಿನ ನನ್ನ ಕಣ್ಣು ತಪ್ಪಿಸಿ ಮರಿಗಳ ಜೊತೆ ಮಾತಾಡುತ್ತ ಕೂತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ.

ನನಗೆ ಇದು ಆಟವಾಗಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಮಂದಿಯ ಹಸಿಶುಂಠಿ ಹೊಲದಲ್ಲಿ ಕಳೆ ತೆಗೆದಿದ್ದೇನೆ. ನಸುಕಿನಲ್ಲಿ ಕೂಲಿಯವರನ್ನು ಕೂಡಿಸುವ ಜಗದೇವಿ ಬಂದು ಬಾಗಿಲಲ್ಲಿ ನಿಂತು ಕೂಗಿದಳೆಂದರೆ ನನ್ನ ಸೊಂಟ ನನಗಿಂತ ಮೊದಲು ಎಚ್ಚರವಾಗಿ ನರಳುತ್ತಿತ್ತು. ಜಹೀರಾಬಾದಿನಲ್ಲಿ ಕೋಳಿ ಸಾಕುವ ತರಬೇತಿ ಕೊಟ್ಟರು, ಹೋಗಿ ಕಲಿತು ಬಂದೆ. ಈ ಮೊದಲ ಹಿಂಡು ಉಳಿದರೆ ನನ್ನದೇ ಒಂದು ಕೆಲಸ, ನನ್ನದೇ ಮನೆಯಲ್ಲಿ. ಉಳಿಯದಿದ್ದರೆ ಮತ್ತೆ ಜಗದೇವಿ, ಮತ್ತೆ ಶುಂಠಿ. ನಾನು ಬೇಡಿದ್ದು ಇಷ್ಟೇ, ಆದರೆ ತುಂಬ ಜೋರಾಗಿ ಬೇಡಿದ್ದೆ.

ಎಳೆಯ ಮರಿಗೆ ಮೇವಿಗಿಂತ ಬಿಸಿ ಮುಖ್ಯ. ಬಲ್ಬಿನ ಕೆಳಗೆ ಹರಡಿಕೊಂಡು ಓಡಾಡಿದರೆ ಎಲ್ಲ ಸರಿಯಿದೆ ಎಂದರ್ಥ. ಚಳಿಯಾದರೆ ಒಂದರ ಮೇಲೊಂದು ಏರಿ ಗುಡ್ಡೆಯಾಗುತ್ತವೆ, ಅಡಿಯಲ್ಲಿ ಸಿಕ್ಕವು ಉಸಿರು ಕಟ್ಟಿ ಸಾಯುತ್ತವೆ. ತರಬೇತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದರೆಂದರೆ ನನ್ನ ಕನಸಿನಲ್ಲೂ ಗುಡ್ಡೆಯೇ ಬರುತ್ತಿತ್ತು.

ಮರಿಗಳು ಬಂದು ಇನ್ನೂ ವಾರ ತುಂಬಿರಲಿಲ್ಲ. ಸಂಜೆ ಹೊತ್ತು ಮುಳುಗುತ್ತಿದ್ದಂತೆ ಕರೆಂಟು ಹೋಯಿತು. ಊರ ಹೊರಗಿನ ತಿರುವಿನಲ್ಲಿ ಕಂಬದೆತ್ತರ ಕಬ್ಬು ಹೇರಿದ ಟ್ರಾಕ್ಟರೊಂದು ತಂತಿ ಹರಿದುಕೊಂಡು ಹೋಗಿದೆ ಎಂದು ಸುದ್ದಿ ಬಂತು. ಆವತ್ತಿನ ಥಂಡಿಯೋ, ಕೋಹೀರಿನ ಕಡೆಯ ಗಾಳಿ ನೇರವಾಗಿ ನಮ್ಮ ಮನೆಯ ವಿಳಾಸ ಕೇಳಿಕೊಂಡು ಬಂದ ಹಾಗಿತ್ತು. ಕಿಟಕಿಗೆ ಕೌದಿ ಕಟ್ಟಿದೆ. ಬಾಗಿಲ ಕೆಳಗೆ ಹಳೆ ಸೀರೆ ಒತ್ತಿದೆ. ನೀರು ಕಾಯಿಸಿ ಬಾಟಲಿಗಳಿಗೆ ತುಂಬಿ, ಬಟ್ಟೆ ಸುತ್ತಿ ಮರಿಗಳ ನಡುವೆ ಮಲಗಿಸಿದೆ. ಮನೆಯಲ್ಲಿದ್ದದ್ದು ಐದಾರು ಬಾಟಲಿ, ಮರಿ ಇನ್ನೂರು. ಬಾಟಲಿ ಸಿಕ್ಕವು ಸುಮ್ಮನಾದವು, ಸಿಗದವು ಮೂಲೆಯಲ್ಲಿ ಗುಡ್ಡೆಯಾಗತೊಡಗಿದವು.

ಅಷ್ಟರಲ್ಲಿ ನಮ್ಮವರು ಸಿಗಡಿ ಒಲೆಯಲ್ಲಿ ಕೆಂಡ ತುಂಬಿಕೊಂಡು ಹೆಮ್ಮೆಯಿಂದ ಒಳಗೆ ಬಂದರು. ಅವರನ್ನು ಹೊಸ್ತಿಲಲ್ಲೇ ತಡೆದೆ.

"ಬಾಗಲಾ ಮುಚ್ಚಿದ ಖೋಲ್ಯಾಗ ಕೆಂಡ ಇಟ್ಟರ ಮರಿ ಅಷ್ಟೇ ಅಲ್ರಿ, ನಾವೂ ಕುಂತಲ್ಲೇ ಹೋಗ್ತೀವಿ. ಅದನ್ನ ಹೊರಗ ಇಡ್ರಿ, ಲೈನ್‌ಮನ್‌ಗೆ ಫೋನ್ ಮಾಡ್ರಿ."

ಲೈನ್‌ಮನ್ ಯಾದಗಿರಿ ನಮ್ಮ ಕಡೆಗೆ ಹೊಸದಾಗಿ ಬಂದವರು, ನಲ್ಗೊಂಡದ ಮನುಷ್ಯ, ಕನ್ನಡ ಬಾರದು. ನಮ್ಮವರು ಗಂಟಲು ಸರಿ ಮಾಡಿಕೊಂಡು, ದನಿ ದಪ್ಪ ಮಾಡಿಕೊಂಡು, ತೆಲುಗಿನಲ್ಲಿ ಶುರು ಮಾಡಿದರು.

"ಸಾರ್, ಪಿಲ್ಲಲು ಚಲಿಕಿ ವಣುಕುತುನ್ನಾರು ಸಾರ್."

ತೆಲುಗಿನಲ್ಲಿ ಪಿಲ್ಲಲು ಎಂದರೆ ಮಕ್ಕಳು ಎಂದು ನನಗೆ ಆಮೇಲೆ ತಿಳಿಯಿತು. ಕೋಳಿಮರಿ ಎನ್ನಬೇಕಾದರೆ ಮುಂದೆ ಕೋಡಿ ಎಂಬ ಮಾತು ಸೇರಿಸಬೇಕಂತೆ. ನಮ್ಮವರು ಸೇರಿಸಲಿಲ್ಲ. ಸಾಲದ್ದಕ್ಕೆ, ಚಳಿಗೆ ನಡುಗುತ್ತಿವೆ ಎನ್ನಬೇಕಾದಲ್ಲಿ ನಡುಗುತ್ತಿದ್ದಾರೆ ಎಂದರು. ಅವರಾದರೂ ಏನು ಮಾಡಿಯಾರು, ಆಟೋದಲ್ಲಿ ಕೂಡುವವರು, ಇಳಿಯುವವರು ಎಲ್ಲ ಮನುಷ್ಯರೇ, ಹಾಗಾಗಿ ಅವರ ತೆಲುಗಿಗೆ ಮನುಷ್ಯರ ಕ್ರಿಯಾಪದ ಬಿಟ್ಟು ಬೇರೆ ಗೊತ್ತಿಲ್ಲ. ಎಷ್ಟು ಮಂದಿ ಎಂದು ಯಾದಗಿರಿ ಕೇಳಿದರು. ಈ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮವರ ದಿನನಿತ್ಯದ ಕಸುಬು. ಇನ್ನೂರು ಮಂದಿ ಎಂದರು. ಎಲ್ಲಿದ್ದಾರೆ ಎಂದರೆ, ಒಂದೇ ಕೋಣೆಯಲ್ಲಿ, ಕೆಳಗೆ ಹೊಟ್ಟು ಹಾಸಿದ್ದೇವೆ ಎಂದರು. ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ, ಕೆಳಗಿನವರು ಸಾಯುತ್ತಾರೆ ಎಂದೂ ವಿವರಿಸಿದರು. ನಮ್ಮವರು ಫೋನು ಇಟ್ಟು, ಮನುಷ್ಯ ಒಳ್ಳೆಯವನು, ಕೂಡಲೇ ಬರುತ್ತೇನೆ ಅಂದ ಎಂದು ಮೀಸೆ ನೇವರಿಸಿಕೊಂಡರು. ನನಗೂ ಆಗ ಅವರ ಮೇಲೆ ಅಭಿಮಾನ ಉಕ್ಕಿತ್ತು, ಸುಳ್ಳು ಹೇಳಲಾರೆ.

ನಾನು ತಗಡಿನ ಪಕ್ಕ ಮೊಣಕಾಲೂರಿ ಕೂತು ಗುಡ್ಡೆ ಬಿಡಿಸುತ್ತಲೇ ಇದ್ದೆ. ಈ ಮೂಲೆ ಬಿಡಿಸಿದರೆ ಆ ಮೂಲೆಯಲ್ಲಿ ಏರುತ್ತಿದ್ದವು. ಅಡಿಯಿಂದ ತೆಗೆದ ಒಂದೆರಡು ಕೈಯಲ್ಲೇ ತಣ್ಣಗಾದವು. ನನಗೆ ಅಳು ಬಂತು, ಅಳುವುದಕ್ಕೆ ಕೈ ಬಿಡುವಿರಲಿಲ್ಲ.

ಹೊರಗೆ ಮೋಟಾರ್ ಸೈಕಲ್ಲು ನಿಂತ ಸದ್ದಾಯಿತು, ಆಮೇಲೆ ಬಹಳ ಕಾಲುಗಳ ಸದ್ದು. ಬಾಗಿಲು ದಢಕ್ಕನೆ ತೆರೆಯಿತು. ಮುಂದೆ ಯಾದಗಿರಿ, ಕೈಯಲ್ಲಿ ಬ್ಯಾಟರಿ. ಹಿಂದೆ ಹತ್ತಾರು ಜನ ಗಂಡಸರು, ಹೆಂಗಸರು, ಎಲ್ಲರ ಹೆಗಲ ಮೇಲೂ ಕಂಬಳಿ, ಗೋಧಡಿ. ತಂತಿ ಹರಿದ ತಿರುವಿನ ಹತ್ತಿರ ಕಬ್ಬು ಕಡಿಯುವವರು ಗುಡಾರ ಹಾಕಿದ್ದರು, ಮಹಾರಾಷ್ಟ್ರದ ಉದ್ಗೀರ ಕಡೆಯವರು. ಇನ್ನೂರು ಮಕ್ಕಳು ಚಳಿಗೆ ಸಾಯುತ್ತಿರುವ ಹಾಸ್ಟೆಲು ಎಲ್ಲಿದೆ ಎಂದು ಯಾದಗಿರಿ ಅವರನ್ನೇ ದಾರಿ ಕೇಳಿದ್ದರು. ಅವರು ದಾರಿ ತೋರಿಸಲಿಲ್ಲ, ಹೊದ್ದದ್ದನ್ನು ಕಿತ್ತುಕೊಂಡು ಹಿಂದೆಯೇ ಬಂದುಬಿಟ್ಟಿದ್ದರು.

ಬ್ಯಾಟರಿಯ ಬೆಳಕು ಕೋಣೆಯ ಸುತ್ತ ತಿರುಗಿ, ತಗಡಿನೊಳಗೆ ಇಳಿದು, ಅಲ್ಲೇ ನಿಂತಿತು. ಇನ್ನೂರು ಮರಿ ಒಟ್ಟಿಗೆ ಚಿಂವ್‌ಗುಟ್ಟಿದವು.

"ಪಿಲ್ಲಲು ಅಂಟಿವಿ ಗದಾ" ಎಂದರು ಯಾದಗಿರಿ. ಮಕ್ಕಳು ಅಂದಿದ್ದೆಯಲ್ಲ ಎಂದು.

ಕೋಡಿ ಪಿಲ್ಲಲು ಸಾರ್ ಎಂದು ನಮ್ಮವರು ಈಗ, ಎಲ್ಲ ಮುಗಿದ ಮೇಲೆ, ಆ ಮಾತನ್ನು ಸೇರಿಸಿದರು. ದನಿ ತೆಳ್ಳಗಾಗಿತ್ತು. ಯಾದಗಿರಿಯ ಬಾಯಿಂದ ಹೊರಟ ತೆಲುಗು ನನಗೆ ಒಂದಕ್ಷರ ತಿಳಿಯದಿದ್ದರೂ ಬೈಗುಳ ಯಾವ ಭಾಷೆಯಲ್ಲೂ ತಿಳಿಯುತ್ತದೆ. ಬೇರೆ ಎರಡು ಊರಿನ ಕೆಲಸ ಬಿಟ್ಟು ಓಡಿ ಬಂದಿದ್ದರಂತೆ. ಹಲ್ಲು ಕಚ್ಚಿ ಬಾಗಿಲ ಕಡೆ ತಿರುಗಿದರು. ಏನಾಯಿತೆಂದು ನಮ್ಮವರು ತೊದಲುತ್ತ ಹೇಳಿದ ಮೇಲೆ ನನ್ನ ಸಿಟ್ಟೆಲ್ಲ ಗಂಡನ ಮೇಲೆ ಹೊರಳಿತು.

"ಒಂದ್ ಕೋಡಿ ಅನ್ನಾಕ ನಿಮಗ ಏನ್ ಆಗಿತ್ರಿ? ಮೊದಲ ಆ ಬಾಗಲಾ ಮುಚ್ರಿ, ಗಾಳಿ ಬರ್ಲಕತ್ತದ."

ಕಬ್ಬಿನವರಲ್ಲಿ ಮುಂದಿದ್ದವನ ಹೆಸರು ಶಿವಾಜಿ. ಅವನು ಬೈಯಲಿಲ್ಲ. ಮೊದಲು ಬಗ್ಗಿ ನೋಡಿದ, ಆಮೇಲೆ ನಕ್ಕ, ಆಮೇಲೆ ತನ್ನ ಹೆಗಲ ಮೇಲಿದ್ದ ಗೋಧಡಿಯನ್ನು ತಗಡಿನ ಮೇಲೆ ಅರ್ಧ ಮುಚ್ಚಿ, ಇವೂ ಲೇಕರುಗಳೇ ತಾಯಿ ಎಂದು ಮರಾಠಿಯಲ್ಲಿ ಅಂದ. ಲೇಕರು ಎಂದರೆ ನಮ್ಮ ಭಾಲ್ಕಿಯಲ್ಲೂ ಕೂಸುಗಳೇ. ನಾನು ಆ ಗೋಧಡಿಯನ್ನು ಮುಟ್ಟಿದೆ. ತೇಪೆಯ ಮೇಲೆ ತೇಪೆ, ಮೈಯ ಬಿಸಿ ಇನ್ನೂ ಇತ್ತು, ಅಂಚಿನಲ್ಲಿ ಯಾವುದೋ ಮಗು ಉಚ್ಚೆ ಹೊಯ್ದ ತೇವವೂ ಇತ್ತು. ಇದನ್ನು ಯಾರ ಮೈಮೇಲಿನಿಂದ ತೆಗೆದು ತಂದೆ ಎಂದು ಮರಾಠಿಯಲ್ಲಿ ಕೇಳಿದೆ. ಗುಡಾರದ ಮುಂದೆ ಬೆಂಕಿ ಹಾಕಿದೆ, ಮಕ್ಕಳು ಅದರ ಸುತ್ತ ಕೂತಿದ್ದಾರೆ, ಇನ್ನೂರು ಮಕ್ಕಳ ಜೀವಕ್ಕಾಗಿ ನಮ್ಮ ಏಳೆಂಟು ಮಕ್ಕಳು ಸ್ವಲ್ಪ ಹೊತ್ತು ಸಹಿಸಬಹುದು ಎಂದು ಎಲ್ಲರೂ ಮಾತಾಡಿಕೊಂಡೆವು ಎಂದ.

ನನಗೆ ಮೈಯೆಲ್ಲ ನಾಚಿಕೆಯಾಯಿತು. ಆ ಗುಡಾರಗಳನ್ನು ನಾನು ತಿಂಗಳಿಂದ ದಿನಾ ನೋಡುತ್ತಿದ್ದೆ. ಕಬ್ಬಿನ ಸೋಗೆಯ ಮೇಲೆ ಒಂದು ಪ್ಲಾಸ್ಟಿಕ್ಕು. ಅದರೊಳಗೆ ರಾತ್ರಿ ಮಕ್ಕಳು ಮಲಗುತ್ತಾರೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ನನ್ನ ಯೋಚನೆಯೆಲ್ಲ ಬಲ್ಬು, ಹೊಟ್ಟು, ತಗಡು. ಬಾಗಿಲಲ್ಲಿದ್ದ ಯಾದಗಿರಿಗೂ ತಿಳಿಯಲಿ ಎಂದು ಕೈ ಮಾಡಿ ತೋರಿಸುತ್ತ, ಅವಸರದಲ್ಲಿ ಮರಾಠಿ ಮರೆತು ಕನ್ನಡದಲ್ಲೇ ಹೇಳಿದೆ.

"ಶಿವಾಜಿ ಅಣ್ಣಾ, ಕೂಸುಗೋಳನ್ನ ಎಲ್ಲಾ ಇಲ್ಲೇ ಕರ್ಕೊಂಡ ಬರ್ರಿ. ಈ ಖೋಲಿ ಅವರಿಗೂ ಸಾಕಾಗ್ತದ."

ನಮ್ಮವರು ಅದನ್ನು ತೆಲುಗಿಗೆ ತಿರುಗಿಸಲು ಬಾಯಿ ತೆರೆದರು. ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿದೆ. ಕೈಸನ್ನೆಯಿಂದಲೇ ಯಾದಗಿರಿಗೆ ತಿಳಿದಿತ್ತು. ಗುಡಾರದ ಕಡೆ ಓಡುತ್ತಿದ್ದ ಹೆಂಗಸರನ್ನು ನೋಡಿದರು, ನನ್ನನ್ನು ನೋಡಿದರು, ಏನೋ ಗೊಣಗಿಕೊಂಡು ಏಣಿ ಹೆಗಲಿಗೇರಿಸಿದರು. ಕಂಬದ ಕಡೆ ಹೋದ ಅವರ ಹಿಂದೆ ನಮ್ಮವರೂ, ಬಾಯಿ ಮುಚ್ಚಿಕೊಂಡು, ಬ್ಯಾಟರಿ ಹಿಡಿಯಲು ಹೋದರು.

ಮಕ್ಕಳು ಬಂದರು. ಮೂಗು ಸೋರುತ್ತಿತ್ತು, ತುಟಿ ಒಡೆದಿತ್ತು, ಕಾಲು ಕೊರಡಾಗಿತ್ತು. ಹೊಟ್ಟಿನ ಮೇಲೆ ದುಂಡಗೆ ಕೂರಿಸಿ, ಒಬ್ಬೊಬ್ಬರ ಮಡಿಲಿಗೆ ಹಿಡಿ ಹಿಡಿ ಮರಿ ಹಾಕಿ, ಮೇಲೆ ಅವರದೇ ಗೋಧಡಿ ಹೊದಿಸಿದೆ. ಉಳಿದ ಮರಿಗಳನ್ನು ಅವರ ಅಮ್ಮಂದಿರು ಸೆರಗಿನೊಳಗೆ ತೆಗೆದುಕೊಂಡರು. ಅಷ್ಟು ಜನ ಒಂದೇ ಕೋಣೆಯಲ್ಲಿ ಉಸಿರಾಡಿದರೆ ಗೋಡೆಯೂ ಬಿಸಿಯಾಗುತ್ತದೆ ಎಂದು ನನಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. ಗುಡ್ಡೆ ಕಟ್ಟುವುದು ನಿಂತಿತು. ಮರಿಗಳು ಒಂದೊಂದಾಗಿ ಕತ್ತು ಹೊರಗೆ ಹಾಕಿ, ಹೊಸ ಊರು ನೋಡುವವರ ಹಾಗೆ ಅತ್ತಿತ್ತ ನೋಡಿದವು. ಒಬ್ಬ ಹುಡುಗಿ, ಸುರೇಖಾ ಅಂತ ಹೆಸರು, ಮರಿ ಕಚಗುಳಿ ಇಡುತ್ತದೆ ಎಂದು ನಕ್ಕದ್ದೇ ತಡ, ನಗು ಎಲ್ಲರಿಗೂ ಹತ್ತಿತು. ಮಕ್ಕಳಿಗೆ ಬೆಲ್ಲದ ಚಹಾ ಮಾಡಿ ಕೊಟ್ಟೆ.

ಊಟದ ಹೊತ್ತಿಗೆ ಬಲ್ಬು ಹತ್ತಿಕೊಂಡವು. ಸತ್ತವನ್ನು ನಾನು ಮೊದಲೇ ಸೆರಗಿನಲ್ಲಿ ಕಟ್ಟಿ ಹಿತ್ತಲಿಗೆ ಒಯ್ದಿದ್ದೆ. ಬೆರಳ ಮೇಲೆ ಎಣಿಸುವಷ್ಟು. ಉಳಿದವೆಲ್ಲ ಉಳಿದವು. ಶಿವಾಜಿ ಮಕ್ಕಳನ್ನು ಎಬ್ಬಿಸಿ, ಗೋಧಡಿ ಮಡಚಿ, ಹೊರಟ. ನಾನು ಅವನಿಗೆ ಏನೇನೋ ಹೇಳಬೇಕೆಂದಿದ್ದೆ, ಕೊನೆಗೆ ನಿಧಾನ ಹೋಗಿ ಎಂದಷ್ಟೇ ಹೇಳಿದೆ.

ಮರುದಿನ ಕರೆಂಟು ಒಂದು ಸಲವೂ ಹೋಗಲಿಲ್ಲ. ಸಂಜೆಯಾಗುತ್ತಲೇ ಬಲ್ಬುಗಳ ಕೆಳಗೆ ಮರಿಗಳು ಕಾಲು ಚಾಚಿ ಮಲಗಿದ್ದವು, ನನಗೆ ಮಾಡಲು ಏನೂ ಕೆಲಸ ಇರಲಿಲ್ಲ. ನಮ್ಮವರು ಆಟೋ ನಿಲ್ಲಿಸಿ ಒಳಗೆ ಬಂದು, ಹೊರಗೆ ಎಷ್ಟು ಥಂಡಿ ಎಂದು ಕೈ ಉಜ್ಜಿಕೊಂಡರು. ನಾನು ಶಾಲು ಹೊದ್ದು ಚಪ್ಪಲಿ ಮೆಟ್ಟಿದೆ. ಎಲ್ಲಿಗೆ ಎಂದು ಕೇಳಿದರು.

"ಕೂಸುಗೋಳನ್ನ ಕರೀಲಾಕ" ಎಂದು ತಿರುವಿನ ಕಡೆ ನಡೆದೆ.