ಮಾವನ ಮುಂದೆ ಆಡಿದ ಮಾತು

ಮದುವೆಯಾಗಿ ಆರು ವರ್ಷವಾಗಿದ್ದರೂ ಕುಂದುಜ್‌ಳ ದನಿ ಹೇಗಿದೆಯೆಂದು ಮಾವ ತಾಶ್ತಾನನಿಗೆ ಗೊತ್ತಿರಲಿಲ್ಲ. ಸೊಸೆ ತಲೆ ತಗ್ಗಿಸಿ ಚಹಾ ಬಗ್ಗಿಸಬೇಕು. ಹೇಳುವುದಿದ್ದರೆ ಅತ್ತೆಯ ಕಿವಿಯಲ್ಲಿ ಉಸುರಬೇಕು. ನಮ್ಮ ನಾರಿನ್ ಬೆಟ್ಟಸೀಮೆಯ ಮನೆಗಳಲ್ಲಿ ಇದಕ್ಕೇ ಮರ್ಯಾದೆ ಎನ್ನುತ್ತೇವೆ.

ಅತ್ತೆ ಬುರ್ಮಾಕಾನ್‌ಗೆ ಮಲದಲ್ಲಿ ರಕ್ತ ಹೋಗುತ್ತಿದ್ದುದು ಬಟ್ಟೆ ಒಗೆಯುವ ಕುಂದುಜ್‌ಗೆ ಮಾತ್ರ ತಿಳಿದಿತ್ತು. “ಸೊಂಟದ ಕೆಳಗಿನ ಸುದ್ದಿ ಗಂಡಸರ ಕಿವಿಗೆ ಬೀಳಬಾರ್ದು ಕಣೇ,” ಎಂದು ಅತ್ತೆ ಆಣೆ ಮಾಡಿಸಿಕೊಂಡಿದ್ದಳು. ಈಗ ಜ್ವರ, ಎಡತೊಡೆ ಊದಿ ಕಾಲೂರಲು ಆಗುತ್ತಿರಲಿಲ್ಲ.

ನಾಟಿ ಮದ್ದಿನ ಉಮ್ಸುನೈ ಬಂದು ನೋಡಿದಳು. “ಶೀತ ಹಿಡ್ದಿದೆ, ಅಷ್ಟೆ. ಕುರಿ ಕಡೀರಿ, ಅದ್ರ ಬಿಸಿ ಚರ್ಮದಲ್ಲಿ ಸುತ್ತಿ ಮಲಗಿಸ್ತೀನಿ. ಮೂರು ದಿನಕ್ಕೆ ಕುದುರೆ ಹತ್ತಿ ಓಡ್ತಾಳೆ.”

ತಾಶ್ತಾನ್ ಅಂಗಳದಲ್ಲಿ ಚಾಕು ಮಸೆಯತೊಡಗಿದ.

ಚರ್ಮ ಸುತ್ತುವ ಮುನ್ನ ಕೊಬ್ಬು ಸವರಲೆಂದು ಕುಂದುಜ್ ಅತ್ತೆಯ ತೊಡೆ ಮುಟ್ಟಿದಳು. ಗಟ್ಟಿಕಟ್ಟಿದ ಹಿಮ ತುಳಿದಂತೆ ಬೆರಳಡಿ ಚರ್ಮ ಕರಕರ ಎಂದಿತು. ಯಾವ ಶೀತಕ್ಕೂ ಹೀಗಾದದ್ದನ್ನು ಅವಳು ಕಂಡಿರಲಿಲ್ಲ. ಗಂಡ ಮಂದೆಯ ಜೊತೆ ಬೆಟ್ಟದಲ್ಲಿದ್ದ. ಅವಳೇ ಎದ್ದು ಅಂಗಳಕ್ಕೆ ಹೋಗಿ, ಮಾವನ ಮುಖ ನೋಡಿಯೇ ಹೇಳಿದಳು.

“ಅಪ್ಪಾ, ಕುರಿ ಬಿಡಿ, ಗಾಡಿ ತೆಗೀರಿ. ಅಮ್ಮಂಗೆ ನಾಲ್ಕು ತಿಂಗಳಿಂದ ಮಲದಲ್ಲಿ ರಕ್ತ ಹೋಗ್ತಿದೆ.”

“ಥೂ, ನಾಚಿಕೆಗೆಟ್ಟೋಳೇ,” ಎಂದಳು ಬಾಗಿಲಲ್ಲಿ ನಿಂತ ಉಮ್ಸುನೈ. “ಮಾವನ ಮುಂದೆ ಇಂಥ ಮಾತಾ?”

“ನಾಚ್ಕೊಂಡೇ ನಾಲ್ಕು ತಿಂಗಳು ಕಳೆದ್ವಲ್ಲ. ಮರ್ಯಾದೆ ಉಳೀತು, ಅಮ್ಮ ಉಳೀಬೇಡ್ವಾ?”

ತಾಶ್ತಾನ್ ಚಾಕು ಕೆಳಗಿಟ್ಟು ಗಾಡಿಯ ಕೀಲಿಕೈ ಹುಡುಕಲು ಒಳಗೆ ಹೋದ.

ಪಟ್ಟಣದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ವೈದ್ಯೆ ಸುಸ್ತಾಗಿ ಬೆಂಚಿನ ಮೇಲೆ ಕೂತಳು. “ಕರುಳಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದು ತೂತಾಗಿತ್ತು. ಅಲ್ಲಿಂದ ಕೀವು, ಗಾಳಿ ತೊಡೆಗೆ ಇಳಿದಿದೆ. ಇಂಥದ್ದು ಬಲು ಅಪರೂಪ. ಇನ್ನು ಮೂರು ದಿನ ಕಾದಿದ್ರೆ ನನ್ ಕೈಲಿ ಏನೂ ಆಗ್ತಿರಲಿಲ್ಲ. ರಕ್ತದ ಮಾತು ಹೇಳಿದ್ದು ಯಾರು?”

“ನನ್ ಸೊಸೆ,” ಎಂದ ತಾಶ್ತಾನ್.

ಮುಂದಿನ ಬೇಸಿಗೆಗೆ ಬುರ್ಮಾಕಾನ್ ಮತ್ತೆ ತಾನೇ ಹಸು ಕರೆಯುತ್ತಿದ್ದಳು. ಮಲ ಹೊರಹೋಗಲು ವೈದ್ಯೆ ಹೊಟ್ಟೆಯ ಮೇಲೆ ಇಟ್ಟಿದ್ದ ಚೀಲವನ್ನು ಮುಚ್ಚಿಡಲಿಲ್ಲ. ಚಹಾಕ್ಕೆ ಊರ ಹೆಂಗಸರನ್ನೆಲ್ಲ ಕರೆದು ಕೂರಿಸಿ, “ನೋಡ್ರೇ, ಬಾಯಿ ಮುಚ್ಕೊಂಡಿದ್ದಕ್ಕೆ ಸಿಕ್ಕ ಉಡುಗೊರೆ ಇದು. ಬಾಯಿ ಬಿಟ್ಟಿದ್ದಕ್ಕೆ ಸಿಕ್ಕಿದ್ದು ನಾನು,” ಎಂದಳು. ಹೆಂಗಸರು ನಕ್ಕರು.

ಉಮ್ಸುನೈ ಮಾತ್ರ ನಗಲಿಲ್ಲ. ಮೆಲ್ಲನೆ ಸರಿದು ಬಂದು ಬುರ್ಮಾಕಾನಳ ಕಿವಿಗೆ ಬಾಗಿದಳು.

“ಕಿವೀಲಿ ಬೇಡ ಕಣೇ. ಜೋರಾಗಿ ಹೇಳು.”

ಉಮ್ಸುನೈ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ತಾಶ್ತಾನನತ್ತ ನೋಡಿದಳು, ಮತ್ತೆ ಕುಂದುಜ್‌ಳತ್ತ. “ನಂಗೂ ರಕ್ತ ಹೋಗ್ತಿದೆ,” ಎಂದಳು, ಎಲ್ಲರಿಗೂ ಕೇಳುವಂತೆ.

ತಾಶ್ತಾನ್ ಚಹಾದ ಬಟ್ಟಲು ಕೆಳಗಿಟ್ಟು ಎದ್ದ.

“ಗಾಡಿ ತೆಗೀಲಾ, ಮಗಳೇ?” ಎಂದು ಸೊಸೆಯನ್ನು ಕೇಳಿದ.

“ತೆಗೀರಿ, ಅಪ್ಪಾ,” ಎಂದಳು ಕುಂದುಜ್, ಗಟ್ಟಿಯಾಗಿ.